ಇವಾಪೊರೇಟೆಡ್ ಮಿಲ್ಕ್ ಸಿಗದಿದ್ದರೆ ಮಿಲ್ಕ್‌ಮೇಡ್ ಹಾಕಬಹುದಾ?

ಪ್ರಶ್ನೆ: ಟ್ರೆಸ್ ಲೆಚೆಸ್ (ಮೂರು ಬಗೆ ಹಾಲಲ್ಲಿ ನೆನೆಸೋ ಸ್ಪಂಜ್) ಕೇಕಿಗೆ ನೆನೆಸೋ ಹಾಲು ಅಂತ ಒಂದು ಟಿನ್ ಇವಾಪೊರೇಟೆಡ್ ಮಿಲ್ಕ್, ಒಂದು ಟಿನ್ ಕಂಡೆನ್ಸ್ಡ್ ಮಿಲ್ಕ್, ಒಂದು ಕಪ್ ಕ್ರೀಮ್ ಹೇಳಿದ್ದಾರೆ. ಜಯನಗರದಲ್ಲಿ ನಾಲ್ಕು ಅಂಗಡಿ ಕೇಳಿದೆ, ಇವಾಪೊರೇಟೆಡ್ ಇಲ್ಲ. ಎರಡು ಟಿನ್ ಮಿಲ್ಕ್‌ಮೇಡ್ ಹಾಕಿದರೆ ನಡೆಯತ್ತಾ?

ಉತ್ತರ: ನಡೆಯಲ್ಲ ಮೇಡಂ. ಮಿಲ್ಕ್‌ಮೇಡ್ ಅಂದರೆ ಕಂಡೆನ್ಸ್ಡ್ ಮಿಲ್ಕೇ. ಇವಾಪೊರೇಟೆಡ್, ಕಂಡೆನ್ಸ್ಡ್ ಎರಡರಲ್ಲೂ ಹಾಲಿನ ನೀರು ಅರ್ಧಕ್ಕಿಂತ ಜಾಸ್ತಿ ತೆಗೆದಿರುತ್ತಾರೆ, ಆದರೆ ಕಂಡೆನ್ಸ್ಡ್‌ನಲ್ಲಿ ತೂಕದ 40–45% ಸಕ್ಕರೆಯೇ ಇರುತ್ತದೆ. 400 ಗ್ರಾಂ ಟಿನ್ ಅಂದರೆ ಸುಮಾರು 170 ಗ್ರಾಂ ಸಕ್ಕರೆ. ಎರಡು ಟಿನ್ ಸುರಿದರೆ ಬಾಯಿ ಕಟ್ಟುವಷ್ಟು ಸಿಹಿ. ಅದಕ್ಕಿಂತ ದೊಡ್ಡ ತೊಂದರೆ, ಮಿಶ್ರಣ ಮಂದವಾಗಿ ಸ್ಪಂಜಿನೊಳಗೆ ಇಳಿಯದೆ ಮೇಲೇ ನಿಲ್ಲುತ್ತದೆ.

ಇವಾಪೊರೇಟೆಡ್ ಮನೆಯಲ್ಲೇ ಮಾಡಿಕೊಳ್ಳಿ. ನಂದಿನಿ ಶುಭಂ 1 ಲೀಟರ್ ತೆಗೆದುಕೊಳ್ಳಿ. ಅದರಲ್ಲಿ ಕೊಬ್ಬು 4.5%, ಉಳಿದ ಘನಾಂಶ 8.5%. ಅರ್ಧಕ್ಕೆ ಬತ್ತಿಸಿದರೆ ಒಟ್ಟು ಘನಾಂಶ ಸುಮಾರು 26% ಆಗುತ್ತದೆ, ಟಿನ್ನಿನದೂ ಹೆಚ್ಚುಕಡಿಮೆ ಅಷ್ಟೇ. ಮೊದಲು ಪಾತ್ರೆಗೆ 500 ಮಿ.ಲೀ. ನೀರು ಹಾಕಿ, ಮರದ ಸೌಟು ನೆಟ್ಟಗೆ ಇಳಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆ ನೀರು ಚೆಲ್ಲಿ ಹಾಲು ಹಾಕಿ. ಅಗಲ ಬಾಯಿ, ದಪ್ಪ ತಳದ ಪಾತ್ರೆಯಾದರೆ ಮಧ್ಯಮ ಉರಿಯಲ್ಲಿ 35–40 ನಿಮಿಷ ಹಿಡಿಯುತ್ತದೆ. ಕಟ್ಟುವ ಕೆನೆಯನ್ನು ಮತ್ತೆ ಹಾಲಿಗೇ ಕಲಸುತ್ತಿರಿ, ಕೊನೆಗೆ ಸೋಸಿ. ತಳ ಹಿಡಿದರೆ ಕೆರೆಯಲೇಬೇಡಿ, ಮೇಲಿನ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಸೀದ ವಾಸನೆ ಒಮ್ಮೆ ಹಾಲಿಗೆ ಸೇರಿದರೆ ಏಲಕ್ಕಿಯೂ ಅದನ್ನು ಮುಚ್ಚಲ್ಲ.

ಕ್ರೀಮಿಗೆ 25% ಕೊಬ್ಬಿನ ಅಮೂಲ್ ಫ್ರೆಶ್ ಕ್ರೀಮ್ ಸಾಕು, ಇಲ್ಲಿ ಅದನ್ನು ನೊರೆ ಬರಿಸುವ ಕೆಲಸ ಇಲ್ಲ.

ಪ್ರಶ್ನೆ: ಹಾಲು ಬತ್ತಿಸೋಕೆ ಟೈಮ್ ಇಲ್ಲ ಸರ್, ಮಿಲ್ಕ್ ಪೌಡರ್‌ನಲ್ಲಿ ಆಗತ್ತಾ?

ಉತ್ತರ: ಆಗುತ್ತದೆ. ಕೆನೆ ತೆಗೆಯದ ಹಾಲಿನ ಪುಡಿ 100 ಗ್ರಾಂ, ಉಗುರುಬೆಚ್ಚಗಿನ ನೀರು 300 ಮಿ.ಲೀ. ಕುದಿಯುವ ನೀರಿಗೆ ಪುಡಿ ಹಾಕಿದರೆ ಗಂಟು ಕಟ್ಟುತ್ತದೆ. ಟೀಗೆ ಹಾಕುವ ಡೈರಿ ವೈಟ್ನರ್ ಬೇಡ, ಅದರಲ್ಲಿ ಸಕ್ಕರೆ ಬೆರೆತಿರುತ್ತದೆ. ಪ್ಯಾಕೆಟ್ ಹಿಂದಿನ ಪಟ್ಟಿ ಓದಿ ತನ್ನಿ.

ಪ್ರಶ್ನೆ: ನನ್ನದು ಉಲ್ಟಾ. ಎಗ್‌ಲೆಸ್ ಕೇಕಿಗೆ ಕಂಡೆನ್ಸ್ಡ್ ಬೇಕು, ಟಿನ್ ಇಲ್ಲ. ಗಟ್ಟಿ ಹಾಲು ಹಾಕಲಾ?

ಉತ್ತರ: ಬರೀ ಗಟ್ಟಿ ಹಾಲು ಹಾಕಿದರೆ ಕೇಕು ಒಣಗಿ ಪುಡಿಪುಡಿಯಾಗುತ್ತದೆ. ಅಲ್ಲಿ ಸಕ್ಕರೆ ಸಿಹಿಗೆ ಮಾತ್ರ ಅಲ್ಲ, ತೇವ ಹಿಡಿದಿಡುವುದೂ ಅದೇ. 1 ಲೀಟರ್ ಶುಭಂ ಅರ್ಧಕ್ಕೆ ಇಳಿದ ಮೇಲೆ 180 ಗ್ರಾಂ ಸಕ್ಕರೆ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡಿದ್ದು, ಒಳಗಿನದು 430 ಗ್ರಾಂ ಆದಾಗ ಇಳಿಸಿ. ಬಿಸಿಯಿದ್ದಾಗ ತೆಳ್ಳಗೇ ಕಾಣುತ್ತದೆ, ಆರಿದ ಮೇಲೆ ಮಂದವಾಗುತ್ತದೆ. ಕಣ್ಣಂದಾಜಿಗೆ ಬಿಟ್ಟರೆ ಎಲ್ಲರೂ ಜಾಸ್ತಿ ಬತ್ತಿಸಿಬಿಡುತ್ತಾರೆ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ತಿರುವುತ್ತಲೇ ಆರಿಸಿ. ನಿಧಾನ ಆರಿದರೆ ಹಾಲಿನ ಸಕ್ಕರೆ ಹರಳುಗಟ್ಟಿ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ.

ಪ್ರಶ್ನೆ: ಕ್ಯಾರಮೆಲ್‌ಗೆ ಕಂಡೆನ್ಸ್ಡ್ ಮಿಲ್ಕ್ ಟಿನ್ನನ್ನೇ ಕುಕ್ಕರ್‌ನಲ್ಲಿ ಬೇಯಿಸ್ತಾರಲ್ಲ, ಸರೀನಾ?

ಉತ್ತರ: ದಯವಿಟ್ಟು ಮಾಡಬೇಡಿ. ಮುಚ್ಚಿದ ಟಿನ್ನಿನೊಳಗೆ ಒತ್ತಡ ಏರಿ ಸಿಡಿಯಬಹುದು, ಒಳಗಿರುವುದು ಮೈಗೆ ಅಂಟಿ ಸುಡುವ ಸಿಹಿ. ಸ್ಟೀಲ್ ಡಬ್ಬಿಗೆ ಸುರಿದು, ಬಾಯಿಗೆ ಫಾಯಿಲ್ ಕಟ್ಟಿ, ಡಬ್ಬಿಯ ಅರ್ಧ ಎತ್ತರಕ್ಕೆ ಕುಕ್ಕರ್‌ನಲ್ಲಿ ನೀರು ಹಾಕಿ. ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 35 ನಿಮಿಷ. ಕುಕ್ಕರ್ ತಾನಾಗಿ ಇಳಿಯಲಿ.