ಟೈಲೆನಾಲ್ (ತಲೆನೋವಿನ ಮಾತ್ರೆ) ಕೊಟ್ಟಿದ್ದಕ್ಕೆ ಐದು ದಿನ ಸಸ್ಪೆನ್ಷನ್! ಮೇಲ್ಮನವಿ ಹಾಕಬಹುದಾ?

ಸೆವೆಂತ್‌ಗ್ರೇಡ್ ಅಮ್ಮ:
ಅಮೆರಿಕದ ಪಬ್ಲಿಕ್ ಸ್ಕೂಲು. ತಲೆನೋವು ಅಂತ ಅಳ್ತಿದ್ದ ಗೆಳತಿಗೆ ಮಗಳು ಬ್ಯಾಗಲ್ಲಿದ್ದ ಟೈಲೆನಾಲ್ ಕೊಟ್ಟಿದ್ದಾಳೆ. ಐದು ದಿನ ಸಸ್ಪೆಂಡ್! ಪ್ರಿನ್ಸಿಪಾಲರು "ಝೀರೋ ಟಾಲರೆನ್ಸ್ (ಸಂದರ್ಭ ನೋಡದೆ ಎಲ್ಲರಿಗೂ ಒಂದೇ ಶಿಕ್ಷೆ), ನನ್ನ ಕೈಯಲ್ಲಿ ಏನೂ ಇಲ್ಲ" ಅಂತಾರೆ. ಮೇಲ್ಮನವಿ ಹಾಕಿದ್ರೆ ಮಗಳ ಮೇಲೆ ಕಣ್ಣಿಡ್ತಾರೆ, ಸುಮ್ಮನಿರು ಅಂತಾರೆ ನಮ್ಮನೆಯವರು.

ಇಬ್ಬರು ಮಕ್ಕಳ ಅಪ್ಪ:
ಬೇಜಾರು ಮಾಡ್ಕೋಬೇಡಿ ಮೇಡಂ, ನಾನು ಸ್ಕೂಲಿನ ಪರ. ಫೆಂಟನಿಲ್ ಅನ್ನೋ ಪ್ರಾಣಾಂತಕ ಡ್ರಗ್ ಬೆರೆತ ನಕಲಿ ಮಾತ್ರೆಗಳ ಕಾಲ ಇದು. ಗೆಳತಿಗೆ ಏನಾದ್ರೂ ಆಗಿದ್ರೆ?

ಹಳೇ ಮೇಷ್ಟ್ರು:
ಇಲ್ಲಿನ ಮಿಡ್ಲ್ ಸ್ಕೂಲಲ್ಲಿ ಪಾಠ ಮಾಡಿದವನು ನಾನು. ಕೈಯಲ್ಲಿ ಏನೂ ಇಲ್ಲ ಅನ್ನೋದನ್ನ ಹಾಗೇ ನಂಬಬೇಡಿ. 1994ರ ಗನ್-ಫ್ರೀ ಸ್ಕೂಲ್ಸ್ ಆಕ್ಟ್ ಪ್ರಕಾರ ಬಂದೂಕು ತಂದವರು ಕನಿಷ್ಠ ಒಂದು ವರ್ಷ ಹೊರಗೆ. ಅಲ್ಲೂ ಪ್ರಕರಣ ನೋಡಿ ಶಿಕ್ಷೆ ಬದಲಿಸೋ ಅಧಿಕಾರ ಸ್ಕೂಲ್ ಡಿಸ್ಟ್ರಿಕ್ಟ್ (ಆ ಭಾಗದ ಶಾಲೆಗಳ ಆಡಳಿತ) ಮುಖ್ಯಸ್ಥರಿಗಿದೆ. ಬಂದೂಕಿಗೇ ಇರೋ ವಿವೇಚನೆ ತಲೆನೋವಿನ ಮಾತ್ರೆಗೆ ಬೇಡವಾ? 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ವಿದ್ಯಾರ್ಥಿಗಳೇ ಗುಂಡು ಹಾರಿಸಿದ ಹತ್ಯಾಕಾಂಡ ಆದಮೇಲೆ ಹೆದರಿಕೆ ಇನ್ನೂ ಜಾಸ್ತಿಯಾಯ್ತು. ಅರಿಜೋನಾದಲ್ಲಿ ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆ ಇಟ್ಕೊಂಡಿದ್ದಾಳೆ ಅನ್ನೋ ಅನುಮಾನಕ್ಕೆ 13 ವರ್ಷದ ಹುಡುಗಿಯ ಬಟ್ಟೆ ಬಿಚ್ಚಿಸಿ ಹುಡುಕಿದ್ರು (ಸಿಕ್ಕಿದ್ದು ಏನೂ ಇಲ್ಲ). ಆ ತಪಾಸಣೆ ಸಂವಿಧಾನಬಾಹಿರ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು.

ಅಪ್ಪ ಸರ್, ನಿಮ್ಮ ಭಯ ಸುಳ್ಳಲ್ಲ. ಮಾತ್ರೆ ಹಂಚಬಾರದು ಅಂತ ಆ ಮಗುವಿಗೆ ಕೂರಿಸಿ ಹೇಳಲೇಬೇಕು. ಆದ್ರೆ ಕಣ್ಣುಮುಚ್ಚಿ ಹೊರಗೆ ಹಾಕೋದ್ರಿಂದ ಶಾಲೆ ಸುರಕ್ಷಿತವಾಗುತ್ತೆ ಅನ್ನೋದಕ್ಕೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಕಾರ್ಯಪಡೆಗೇ ಪುರಾವೆ ಸಿಗಲಿಲ್ಲ. ಅವರ 2008ರ ವರದಿ ಓದಿ. ನನ್ನ ತರಗತಿಯಲ್ಲೇ ಒಬ್ಬ ಹುಡುಗ ಗೆಳೆಯನ ಬ್ಯಾಗಲ್ಲಿ ಚಾಕು ನೋಡಿಯೂ ಬಾಯಿ ಬಿಡಲಿಲ್ಲ. ಹೇಳಿದ್ರೆ ಗೆಳೆಯನನ್ನ ಶಾಲೆಯಿಂದಲೇ ಓಡಿಸ್ತಾರೆ ಅಂತ! ಮಕ್ಕಳು ನಮಗೆ ಹೇಳೋದು ನಿಂತ್ರೆ ಯಾವ ಕ್ಯಾಮೆರಾ ಇದ್ದು ಏನು ಪ್ರಯೋಜನ?

ಮೇಡಂ, ಸುಪ್ರೀಂ ಕೋರ್ಟಿನ 1975ರ ಗಾಸ್ ವಿರುದ್ಧ ಲೋಪೆಜ್ ತೀರ್ಪಿನ ಪ್ರಕಾರ, ಸಣ್ಣ ಸಸ್ಪೆನ್ಷನ್ನಿಗೂ ಆರೋಪ ಏನು ಅಂತ ತಿಳಿಸಿ ಮಗುವಿನ ಮಾತು ಕೇಳಬೇಕು. ಕೇಳಿದ್ರಾ? ಮೊದಲು ಶಾಲೆಯ ನಿಯಮಗಳ ಹ್ಯಾಂಡ್‌ಬುಕ್ ತೆಗೆದು ಈ ತಪ್ಪಿಗೆ ಎಷ್ಟು ದಿನ ಅಂತ ನೋಡಿ.

ಸೆವೆಂತ್‌ಗ್ರೇಡ್ ಅಮ್ಮ:
ನೋಡಿದೆ ಸರ್. ಒಂದರಿಂದ ಐದು ದಿನ ಅಂತಿದೆ, ನೇರ ಐದೇ ಕೊಟ್ಟಿದ್ದಾರೆ! ಅವಳ ಮಾತನ್ನಂತೂ ಯಾರೂ ಕೇಳಿಲ್ಲ. ಇವತ್ತೇ ಡಿಸ್ಟ್ರಿಕ್ಟಿಗೆ ಬರೀತೀನಿ. ಯಜಮಾನರೂ ಒಪ್ಪಿದ್ರು, ಅರೆಮನಸ್ಸಿಂದ.