'ಹಕ್ಕಿಗಳು ಸಣ್ಣಗಾಗುತ್ತಿವೆ' ಅಂದರೆ ನಿಮಗೆ ಏನು ಅರ್ಥವಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ಒದ್ದಾಡುತ್ತಿದ್ದೇನೆ.

ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಭೂಮಿ ಬಿಸಿಯಾದ ಹಾಗೆ ಕೆಲವು ಪ್ರಾಣಿಗಳು ತಲೆಮಾರಿನಿಂದ ತಲೆಮಾರಿಗೆ ಚಿಕ್ಕದಾಗುತ್ತಿವೆ ಅನ್ನುವುದು ವಿಷಯ. 'ಹಕ್ಕಿಗಳು ಸಣ್ಣಗಾಗುತ್ತಿವೆ' ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ. 'ಅಯ್ಯೋ, ತಿನ್ನೋಕೆ ಕಾಳು ಸಿಗ್ತಿಲ್ವಾ?' ಅಂದರು.

ತಪ್ಪು ಅಮ್ಮನದಲ್ಲ. ಜ್ವರ ಬಂದು ಎದ್ದವರು ಸಣ್ಣಗಾಗುತ್ತಾರೆ, ದಿನಾ ವಾಕಿಂಗ್ ಹೋದವರೂ ಸಣ್ಣಗಾಗುತ್ತಾರೆ. ಅಂದರೆ ತೆಳ್ಳಗಾಗುತ್ತಾರೆ. 'ಇಳಿ' ಬಳಸಿದರೂ ಅದೇ ಕಥೆ. 'ಏನ್ರೀ, ಇಳಿದು ಹೋಗಿದ್ದೀರಲ್ಲ' ಅಂತೀವಲ್ವಾ? 'ಸೊರಗು' ಅಂತೂ ಬೇಡವೇ ಬೇಡ.

ನಾನು ಹೇಳಬೇಕಾದದ್ದು ಇದು. ಷಿಕಾಗೋದಲ್ಲಿ ವಲಸೆ ಹಕ್ಕಿಗಳು ಕಟ್ಟಡಗಳ ಗಾಜಿಗೆ ಬಡಿದು ಸಾಯುತ್ತವೆ. ಅಲ್ಲಿನ ಫೀಲ್ಡ್ ಮ್ಯೂಸಿಯಮ್ಮಿನ ಡೇವಿಡ್ ವಿಲಾರ್ಡ್ 1978ರಿಂದ ಅವನ್ನು ಆಯ್ದು ತಂದು ಅಳೆದಿಟ್ಟರು. 2016ರ ಹೊತ್ತಿಗೆ 52 ಜಾತಿಯ 70 ಸಾವಿರಕ್ಕೂ ಜಾಸ್ತಿ ಹಕ್ಕಿಗಳ ಲೆಕ್ಕ ಸಿಕ್ಕಿತು. ಕಾಲಿನ ಮೂಳೆ ಶೇ 2.4ರಷ್ಟು ಗಿಡ್ಡವಾಗಿತ್ತು. ರೆಕ್ಕೆ ಮಾತ್ರ ಶೇ 1.3ರಷ್ಟು ಉದ್ದವಾಗಿತ್ತು! ಈಗ 'ಕುಗ್ಗಿವೆ' ಅಂದರೆ ಒಗೆದ ಅಂಗಿಯ ಹಾಗೆ ಇಡೀ ಹಕ್ಕಿಯೇ ಮುದುಡಿದ ಚಿತ್ರ ಬರುತ್ತದೆ. 'ಗಿಡ್ಡ' ಎತ್ತರದ ಮಾತು. ಮಲೆನಾಡು ಗಿಡ್ಡ ದನಕ್ಕೆ ಒಪ್ಪುತ್ತದೆ, ಈ ಹಕ್ಕಿಗೆ ಒಪ್ಪುವುದಿಲ್ಲ.

ಕಾರಣ ಹೇಳುವುದು ಕಷ್ಟವಾಗಲಿಲ್ಲ. ದೊಡ್ಡ ಮುದ್ದೆ ನಿಧಾನಕ್ಕೆ ಆರುತ್ತದೆ, ಅದನ್ನೇ ನಾಲ್ಕು ಉಂಡೆ ಮಾಡಿಟ್ಟರೆ ಬೇಗ ಆರುತ್ತದೆ. ಮೈ ಚಿಕ್ಕದಾದಷ್ಟೂ ಅದರ ಲೆಕ್ಕದಲ್ಲಿ ಹೊರಮೈ ಜಾಸ್ತಿ, ಶಾಖ ಬೇಗ ಹೊರಗೆ ಹೋಗುತ್ತದೆ. ಚಳಿ ನಾಡಿನ ಬಿಸಿರಕ್ತದ ಪ್ರಾಣಿಗಳು ಸಾಮಾನ್ಯವಾಗಿ ದೊಡ್ಡವು ಎಂದು ಕಾರ್ಲ್ ಬರ್ಗ್‌ಮನ್ 1847ರಲ್ಲೇ ಬರೆದದ್ದು ಈ ಆಧಾರದ ಮೇಲೆ. (ಇದಕ್ಕೆ 'ಬರ್ಗ್‌ಮನ್ ನಿಯಮ' ಅಂತಾರೆ. ಹೊರತಾದವು ಎಷ್ಟೋ ಇವೆ, ನನಗೇನೋ 'ವಾಡಿಕೆ' ಅನ್ನುವುದೇ ಸರಿ ಅನ್ನಿಸುತ್ತದೆ.)

ಗಂಟು ಬಿಗಿಯಾದದ್ದು ಸ್ಕಾಟ್ಲೆಂಡಿನ ಹಿರ್ತಾ ದ್ವೀಪದ ಕುರಿಗಳಿಂದ. ಅಲ್ಲಿ 24 ವರ್ಷಗಳಲ್ಲಿ ಕುರಿಗಳ ಗಾತ್ರ ಸುಮಾರು ಶೇ 5ರಷ್ಟು ಕಡಿಮೆಯಾಗಿದೆ ಎಂದು 2009ರಲ್ಲಿ ಗೊತ್ತಾಯಿತು. ಅಲ್ಲಿ ಮುದ್ದೆಯ ಲೆಕ್ಕ ನಡೆಯುವುದಿಲ್ಲ. ಮೊದಲು ಚಳಿಗಾಲಕ್ಕೆ ಸಾಯುತ್ತಿದ್ದ ಪುಟ್ಟ ಮರಿಗಳು ಈಗ ಚಳಿ ತಗ್ಗಿರುವುದರಿಂದ ಬದುಕುತ್ತಿವೆ, ಸರಾಸರಿ ಇಳಿಯುತ್ತಿದೆ. ಅಂದರೆ ಯಾವ ಕುರಿಯೂ 'ಆಗಿದ್ದು' ಏನೂ ಇಲ್ಲ! ಆದದ್ದು ಹಿಂಡಿಗೆ. ಸರಿ, 'ಹಿಂಡು ಚಿಕ್ಕದಾಯಿತು' ಅನ್ನೋಣ ಅಂದರೆ ಕುರಿಗಳ ಸಂಖ್ಯೆ ಕಡಿಮೆಯಾಯಿತು ಅಂತ ಅರ್ಥ ಬರುತ್ತದೆ.

ಸದ್ಯಕ್ಕೆ 'ಮೈಗಾತ್ರ ಕಿರಿದಾಗುತ್ತಿದೆ' ಎಂದು ಬರೆದಿದ್ದೇನೆ. ಆದರೆ ಸಂಸ್ಕೃತದಲ್ಲಿ 'ಗಾತ್ರ' ಅಂದರೇ ಮೈ, ಹಾಗಾಗಿ ಇದು 'ನಡುಸೆಂಟರ್' ಥರ ಆಯಿತು ಎಂದು ಗೆಳೆಯರೊಬ್ಬರು ನಕ್ಕರು. ಕನ್ನಡದಲ್ಲಿ ಅದು ಅಳತೆಯ ಅರ್ಥಕ್ಕೆ ನಿಂತು ಎಷ್ಟೋ ಕಾಲವಾಯಿತು, ನನಗೆ ತಪ್ಪು ಕಾಣಲಿಲ್ಲ. 'ಮೈಯಳತೆ' ಆದೀತಾ? ಟೈಲರ್ ನೆನಪಾಗುತ್ತಾನೆ.

ಕುರಿ, ದನ ಸಾಕಿದವರು ಇಲ್ಲಿ ಯಾರಾದರೂ ಇದ್ದೀರಾ? ತಾಯಿಗಿಂತ ಮಗಳು, ಮಗಳಿಗಿಂತ ಮೊಮ್ಮಗಳು ಚಿಕ್ಕ ಆಳಾಗಿ ಬಂದರೆ ನಿಮ್ಮ ಕಡೆ ಅದಕ್ಕೆ ಏನಂತಾರೆ?