‘ಬಿಕೋ’ ಒಂಟಿಯಾಗಿ ನಿಂತೀತೇ?

ಗೆಳೆಯರೇ,

ಕೆಲವು ತಿಂಗಳಿಂದ ಮಾಂಗಾ, ಅಂದರೆ ಜಪಾನೀ ಚಿತ್ರಕಥೆಗಳನ್ನು ಓದುತ್ತ, ಆ ಶೈಲಿಯಲ್ಲಿ ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೇನೆ. (ಜಪಾನೀ ಉಚ್ಚಾರವನ್ನೇ ಹಿಡಿದರೆ ಅದು ‘ಮಂಗ’; ಎರಡೂ ಅಕ್ಷರ ಹ್ರಸ್ವ. ಕನ್ನಡದಲ್ಲಿ ಹಾಗೆ ಬರೆದರೆ ಏನಾಗುತ್ತದೆಂದು ನಿಮಗೆ ಗೊತ್ತು, ದೀರ್ಘವೇ ಇರಲಿ.) ಕಣ್ಣು, ಕೂದಲು ಹೇಗೋ ಕೈಗೆ ಹತ್ತಿದವು. ತೊಡಕಾಗಿರುವುದು ಚಿತ್ರದೊಳಗೆ ಬರೆಯಬೇಕಾದ ಅಕ್ಷರಗಳು, ಅದರಲ್ಲೂ ಮೌನವನ್ನು ತೋರಿಸುವ ಪದ.

ಮಾಂಗಾದಲ್ಲಿ ಸದ್ದಿನ ಪದಗಳು ಮಾತಿನ ಗುಳ್ಳೆಯ ಹೊರಗೆ, ಚಿತ್ರದ ಅಂಗವಾಗಿಯೇ ಇರುತ್ತವೆ. ಬಾಗಿಲು ದಢಾರನೆ ಬಡಿದರೆ ಅಕ್ಷರವೂ ದಪ್ಪಗಾಗಿ ಗೆರೆ ದಾಟಿ ಹೊರಗೆ ಚಾಚುತ್ತದೆ. ಜಪಾನಿಯರು ಇವುಗಳಲ್ಲಿ ಎರಡು ಬಗೆ ಮಾಡುತ್ತಾರೆ: ಕಿವಿಗೆ ಕೇಳುವ ಸದ್ದಿನದು ‘ಗಿಯೊಂಗೊ’, ಸದ್ದಿಲ್ಲದ ಸ್ಥಿತಿಯದು ‘ಗಿತಾಯ್ಗೊ’. ಹೊಳಪಿಗೆ ‘ಕಿರಾಕಿರಾ’, ನಗುಮೊಗಕ್ಕೆ ‘ನಿಕೊನಿಕೊ’, ನೆಟ್ಟ ನೋಟಕ್ಕೆ ‘ಜೀ’. ನಮಗೇನೂ ಇವುಗಳ ಬಡತನವಿಲ್ಲ. ದಬದಬ, ಚಟಚಟ ಕಿವಿಯವು. ಥಳಥಳ, ಪಿಳಿಪಿಳಿ, ಮಿಕಮಿಕ ಕಣ್ಣಿನವು. ಆದರೆ ನಮ್ಮ ಶಾಲಾ ವ್ಯಾಕರಣ ಎಲ್ಲವನ್ನೂ ‘ಅನುಕರಣಾವ್ಯಯ’ ಎಂಬ ಒಂದೇ ಬುಟ್ಟಿಗೆ ಹಾಕಿಬಿಟ್ಟಿದೆ. ದಬದಬ ಸದ್ದಿನ ಅನುಕರಣೆ, ಒಪ್ಪಿದೆ. ಥಳಥಳ ಯಾವುದರ ಅನುಕರಣೆ?

ನನ್ನ ಮುಖ್ಯ ಪ್ರಶ್ನೆ ‘ಶೀನ್’ ಎಂಬ ಪದದ್ದು. ಯಾರೂ ಮಾತಾಡದಾಗ, ಕೋಣೆ ಖಾಲಿಯಾದಾಗ, ಹೇಳಿದ ಜೋಕಿಗೆ ಒಬ್ಬರೂ ನಗದಿದ್ದಾಗ ಮಾಂಗಾದವರು ಚಿತ್ರದ ಮೇಲೆ ‘ಶೀನ್’ ಎಂದು ಬರೆಯುತ್ತಾರೆ. ಅದು ನಿಶ್ಶಬ್ದದ ಸದ್ದು! ಕನ್ನಡದಲ್ಲಿ ‘ನಿಶ್ಶಬ್ದ’ ಎಂದು ಬರೆದರೆ ಅದು ಚಿತ್ರಕ್ಕೆ ಅಂಟಿಸಿದ ಚೀಟಿಯಾಗುತ್ತದೆ. ‘ಗಪ್‌ಚಿಪ್’ ಬಾಯಿ ಮುಚ್ಚಿಸುವ ಮಾತು. ‘ಗವ್’ ಕತ್ತಲೆಗೆ ಮೀಸಲು. ಉಳಿದದ್ದು ‘ಬಿಕೋ’. (ಅಲ್ಲಿ ನಿಕೊನಿಕೊ ಎಂದರೆ ನಗು, ಇಲ್ಲಿ ಬಿಕೋ ಎಂದರೆ ಹಾಳು ಸುರಿಯುವುದು. ಹೆಚ್ಚುಕಡಿಮೆ ಒಂದಕ್ಷರದ ಅಂತರ.)

ಹೋದ ವಾರ ಮೂರು ಮನೆಗಳ ಒಂದು ಪುಟ ಬರೆದೆ. ಚಿತ್ರದ ಚೌಕವನ್ನು ನಾನು ಚದುರಂಗದ ಹಾಗೆ ‘ಮನೆ’ ಅನ್ನುತ್ತೇನೆ, ನಡುವಿನ ಬಿಳಿ ಜಾಗವನ್ನು ‘ಸಂದಿ’. ‘ಅಂಕಣ’ ಹೇಗೂ ಪತ್ರಿಕೆಯವರ ಪಾಲಾಗಿದೆ. ಕೊನೆಯ ಮನೆಯಲ್ಲಿ ಖಾಲಿ ಕುರ್ಚಿ, ಅರೆ ತೆರೆದ ಬಾಗಿಲು, ಮೇಲೆ ಸಣ್ಣ ಗೆರೆಯಲ್ಲಿ ‘ಬಿಕೋ’. ‘ಕೋ’ದ ದೀರ್ಘವನ್ನು ಬಾಗಿಲವರೆಗೂ ಎಳೆದಿದ್ದೆ, ಜಪಾನಿಯರು ‘ಶೀನ್’ನ ದೀರ್ಘದ ಗೆರೆಯನ್ನು ಎಳೆಯುವ ಹಾಗೆ. ಬೀಗುತ್ತ ಗೆಳತಿಗೆ ತೋರಿಸಿದರೆ ಅವಳು, “ಬಿಕೋ ಯಾರು? ನಾಯಿಯಾ? ಬಾಗಿಲ ಹೊರಗಿಂದ ಯಾರೋ ಕರೀತಿದಾರಲ್ಲ!” ಅಂದಳು.

ತಪ್ಪು ಅವಳದಲ್ಲ. ಕೊನೆಯ ಓಕಾರ ಕನ್ನಡದ ಕಿವಿಗೆ ಕೂಗಿನಂತೆ ಕೇಳುತ್ತದೆ. ಮೇಲಾಗಿ ಈ ಪದವನ್ನು ನಾವು ಎಂದೂ ಬಿಡಿಯಾಗಿ ಆಡುವುದಿಲ್ಲ. ‘ಮನೆ ಬಿಕೋ ಅಂತಿತ್ತು’, ‘ಬೀದಿ ಬಿಕೋ ಎನ್ನುತ್ತಿತ್ತು’ ಎಂದು ಯಾವಾಗಲೂ ‘ಎನ್ನು’ವಿನ ಕೈ ಹಿಡಿದೇ ಬರುತ್ತದೆ. ಥಳಥಳ, ಢವಢವಗಳು ಜೋಡಿಯಾಗಿರುವುದರಿಂದ ಒಂಟಿಯಾಗಿ ಬರೆದರೂ ಅನುಕರಣವೆಂದು ಗೊತ್ತಾಗುತ್ತದೆ. ಬಿಕೋಗೆ ಆ ಜೋಡಿಯೂ ಇಲ್ಲ. ‘ಬಿಕೋ ಅಂತ’ ಎಂದು ಬರೆದು ನೋಡಿದೆ. ಚಿತ್ರದ ಗುಂಗೇ ಹೋಯಿತು, ಪಕ್ಕದಲ್ಲಿ ಯಾರೋ ನಿಂತು ಕಥೆ ಹೇಳಿದಂತಾಯಿತು.

ಇನ್ನೊಂದು ಅನುಮಾನವೂ ಇದೆ. ಬಿಕೋ ಜಾಗದ ಗುಣ, ಜನರಿಲ್ಲದ ಜಾಗದ್ದು. ಎದುರುಬದುರು ಕೂತ ಇಬ್ಬರ ನಡುವೆ ಮಾತು ಸತ್ತುಹೋದಾಗ ‘ಬಿಕೋ’ ಅನ್ನುವುದನ್ನು ನಾನಂತೂ ಕೇಳಿಲ್ಲ. ‘ಶೀನ್’ ಎರಡಕ್ಕೂ ಸಲ್ಲುತ್ತದೆ.

ನಿಮ್ಮ ಕಡೆಯ ಮಾತಿನಲ್ಲಿ ಈ ಎರಡನೆಯ ಬಗೆಯ ಮೌನಕ್ಕೆ, ‘ಎನ್ನು’ ಇಲ್ಲದೆಯೂ ನಿಲ್ಲಬಲ್ಲ, ಒಂದೆರಡು ಅಕ್ಷರದ ಪದವಿದ್ದರೆ ತಿಳಿಸಿ. ಒತ್ತಕ್ಷರ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಮೇಲಿಂದ ಕೆಳಕ್ಕೆ ಬರೆಯುವಾಗ ಒತ್ತು ಕೆಳಗಿನ ಅಕ್ಷರದ ತಲೆಗೆ ತಾಗುತ್ತದೆ.